ಅಂಚು ಕಾಣದ ಘಟ್ಟದಲ್ಲಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳಲ್ಲಿ ಹಿಮ ಬೀಳುವುದಿಲ್ಲ, ಉಸಿರಾಟ ಕಷ್ಟವಾಗುವಷ್ಟು ಎತ್ತರದ ಶಿಖರಗಳೂ ಇಲ್ಲ. ಹೀಗಾಗಿ ಸಮುದ್ರಮಟ್ಟದಿಂದ ಸುಮಾರು 500ರಿಂದ 600 ಮೀಟರ್ ಎತ್ತರದಲ್ಲಿರುವ ಈ ಸೀಮೆಯ ಚಾರಣವನ್ನು ರಜಾದಿನದ ಸುಲಭ ನಡಿಗೆಯೆಂದು ಭಾವಿಸಿ ಗೆಳೆಯರೊಡನೆ ಹೊರಡುವವರೇ ಹೆಚ್ಚು. ಆದರೆ ಮಂಜು ಕವಿದ ಹೊತ್ತಿನಲ್ಲಿ ಎದುರಾಗುವ ಅಪಾಯವನ್ನು ಎತ್ತರದಿಂದ ಅಳೆಯಲು ಬರುವುದಿಲ್ಲ. ಅದನ್ನು ನೆಲದ ರಚನೆಯಿಂದ ಅಳೆಯಬೇಕು, ಮತ್ತು ಆ ರಚನೆಯ ವಿಷಯದಲ್ಲಿ ಈ ಮೂರು ತಾಲೂಕುಗಳು ಬೇರೆ ಪರ್ವತ ಪ್ರದೇಶಗಳಿಗೆ ತೀರಾ ವಿರುದ್ಧವಾಗಿವೆ.

ಬೇರೆಡೆ ಚಾರಣಿಗರು ಬೆಟ್ಟದ ಬುಡದಿಂದ ಹೊರಟು ಮೇಲೇರುತ್ತಾರೆ, ದಣಿದ ಮೇಲೆ ಇಳಿಯುತ್ತಾರೆ. ಇಲ್ಲಿ ಊರು, ರಸ್ತೆ, ಬಸ್ ನಿಲ್ದಾಣ ಎಲ್ಲವೂ ಘಟ್ಟದ ಮೇಲಿವೆ. ನೋಡಲು ಬಂದ ಜಲಪಾತದ ಬುಡವೂ ಕಣಿವೆಯೂ ಕೆಳಗಿವೆ. ಮೈಯಲ್ಲಿ ಕಸುವಿರುವ ಬೆಳಗಿನ ಹೊತ್ತು ಇಳಿಜಾರಿನಲ್ಲಿ ಸರಾಗವಾಗಿ ಕಳೆದುಹೋಗುತ್ತದೆ, ಕಾಲು ಸೋತು ಬೆಳಕು ಕುಂದಿದ ಸಂಜೆಗೆ ಏರುದಾರಿ ಉಳಿದಿರುತ್ತದೆ. ಹೀಗಾಗಿ ಹಿಂತಿರುಗಬೇಕೆಂಬ ನಿರ್ಧಾರವನ್ನು ಯಾರಿಗೂ ಆಯಾಸವೇ ಆಗದಿರುವಾಗ, ಅಂದರೆ ಹಿಂತಿರುಗಲು ಕಾರಣವೇ ಇಲ್ಲವೆಂದು ತೋರುವಾಗ, ಮಾಡಬೇಕಾಗುತ್ತದೆ.

ಇನ್ನೊಂದು ಸಂಗತಿ ಘಟ್ಟದ ಅಂಚಿಗೆ ಸಂಬಂಧಿಸಿದ್ದು. ಪಶ್ಚಿಮಕ್ಕೆ ಹರಿಯುವ ಇಲ್ಲಿಯ ನದಿಗಳು ಮೇಲಿನ ನೆಲದಲ್ಲಿ ನಿಧಾನವಾಗಿ ಸುತ್ತಾಡಿ, ಘಟ್ಟದ ಅಂಚಿಗೆ ಬಂದೊಡನೆ ಒಮ್ಮೆಗೇ ಧುಮುಕುತ್ತವೆ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿ ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಬೀಳುತ್ತದೆ. ಬೇಡ್ತಿ ನದಿ ಯಲ್ಲಾಪುರ ತಾಲೂಕಿನ ಮಾಗೋಡಿನಲ್ಲಿ 180 ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತದೆ. ಸಿದ್ದಾಪುರದ ಗಡಿಯಲ್ಲಿರುವ ಜೋಗದಲ್ಲಿ ಶರಾವತಿಯ ಜಿಗಿತ 253 ಮೀಟರ್. ಇವು ಹೆಸರಾದ ಜಲಪಾತಗಳು. ಹೆಸರಿಲ್ಲದ ನೂರಾರು ಹಳ್ಳಗಳೂ ಇದೇ ಅಂಚಿನಿಂದ ಇದೇ ರೀತಿಯಲ್ಲಿ ಕೆಳಗಿಳಿಯುತ್ತವೆ. ಕಾಡಿನಲ್ಲಿ ದಾರಿ ತಪ್ಪಿದರೆ ನೀರು ಹರಿಯುವ ದಿಕ್ಕಿನಲ್ಲೇ ಹೋಗಬೇಕು, ಊರು ಸಿಗುತ್ತದೆ ಎಂಬ ಸಾಮಾನ್ಯ ತಿಳಿವಳಿಕೆಯನ್ನು ಇಲ್ಲಿ ಪಾಲಿಸಿದವರು ಊರಿಗಲ್ಲ, ಅರೆಬಂಡೆಯ ತುದಿಗೆ ಹೋಗಿ ನಿಲ್ಲುತ್ತಾರೆ, ಮಂಜಿನಲ್ಲಿ ಆ ತುದಿ ಕಾಣುವುದೂ ಇಲ್ಲ. ಘಟ್ಟದ ಮೇಲೆ ದಾರಿ ತಪ್ಪಿದವರು ನೀರಿಗೆ ಬೆನ್ನು ಮಾಡಿ ಏರುವುದೇ ಸರಿ.

ಗೋಚರತೆ ಎಂದರೆ ಒಂದು ವಸ್ತುವನ್ನು ಕಣ್ಣು ಗುರುತಿಸಬಲ್ಲ ಗರಿಷ್ಠ ದೂರ. ಅದು 1 ಕಿಲೋಮೀಟರಿಗಿಂತ ಕಡಿಮೆಯಾದಾಗ ಹವಾಮಾನಶಾಸ್ತ್ರ ಅದನ್ನು ಮಂಜು ಎಂದು ಲೆಕ್ಕಿಸುತ್ತದೆ. 200 ಮೀಟರಿಗಿಂತ ಕಡಿಮೆಯಾದರೆ ದಟ್ಟ ಮಂಜೆಂದೂ 50 ಮೀಟರಿಗಿಂತ ಕಡಿಮೆಯಾದರೆ ಅತಿ ದಟ್ಟ ಮಂಜೆಂದೂ ಭಾರತೀಯ ಹವಾಮಾನ ಇಲಾಖೆ ವಿಂಗಡಿಸುತ್ತದೆ. ಚಾರಣಿಗರ ಮಟ್ಟಿಗೆ ಈ ಅಂಕಿಗಳಿಗಿಂತ ಮುಖ್ಯವಾದದ್ದು ಮಂಜು ಹುಟ್ಟಿದ ಬಗೆ, ಏಕೆಂದರೆ ಈ ಸೀಮೆಯಲ್ಲಿ ಎರಡು ಬೇರೆ ಬೇರೆ ಕಾರಣಗಳಿಂದ ಹುಟ್ಟುವ ಎರಡು ಮಂಜುಗಳಿವೆ, ಮತ್ತು ಒಂದಕ್ಕೆ ಸಲ್ಲುವ ಎಚ್ಚರಿಕೆ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಚಳಿಗಾಲದ ಮಂಜು ನೆಲದಿಂದ ಹುಟ್ಟುತ್ತದೆ. ಡಿಸೆಂಬರ್ ಮತ್ತು ಜನವರಿಯ ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ, ಬೇಣಗಳ (ಹುಲ್ಲುಗಾವಲುಗಳ) ಇಳಿಜಾರಿನಿಂದ ಅಡಿಕೆ ತೋಟಗಳಿರುವ ಕಣಿವೆಗೆ ಜಾರುತ್ತದೆ. ಅಲ್ಲಿಯ ಹಳ್ಳ ಮತ್ತು ತೋಟದ ತೇವ ಅದರೊಡನೆ ಬೆರೆತು ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಇದನ್ನು ವಿಕಿರಣ ಮಂಜು ಎನ್ನುತ್ತಾರೆ. ಯಲ್ಲಾಪುರದ ಜೇನುಕಲ್ಲು ಗುಡ್ಡದ ಮೇಲೆ ನಿಂತವರಿಗೆ ಚಳಿಗಾಲದ ಬೆಳಗಿನಲ್ಲಿ ತಲೆಯ ಮೇಲೆ ತಿಳಿ ಆಕಾಶವೂ ಕಾಲ ಕೆಳಗಿನ ಬೇಡ್ತಿ ಕಣಿವೆಯ ತುಂಬ ಬಿಳುಪೂ ಕಾಣುವುದು ಈ ಕಾರಣದಿಂದಲೇ. ಬಿಸಿಲು ಏರಿ ನೆಲ ಕಾಯುತ್ತಿದ್ದಂತೆ, ಸಾಮಾನ್ಯವಾಗಿ ಒಂಬತ್ತು ಹತ್ತು ಗಂಟೆಯ ಹೊತ್ತಿಗೆ, ಈ ಮಂಜು ಕರಗುತ್ತದೆ.

ಮಳೆಗಾಲದ ಮಂಜು ಹಾಗಲ್ಲ. ಅದು ನೆಲಕ್ಕೆ ತಾಗಿದ ಮೋಡ. ಅರಬ್ಬೀ ಸಮುದ್ರದ ಮೇಲಿಂದ ಬಂದ ತೇವಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗ ಹಿಗ್ಗಿ ತಣಿಯುತ್ತದೆ, ಮತ್ತು ಅದರೊಳಗಿನ ಆವಿ ಹನಿಗಟ್ಟುವ ಎತ್ತರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಲವು ದಿನ ಘಟ್ಟದ ತಲೆಗಿಂತ ಕೆಳಗೇ ಇರುತ್ತದೆ. ಗಾಳಿ ಬೀಸುವಷ್ಟು ಕಾಲವೂ ಮೋಡ ಹೊಸದಾಗಿ ಹುಟ್ಟುತ್ತಲೇ ಇರುವುದರಿಂದ ಕಾಯುವುದರಿಂದ ಪ್ರಯೋಜನವಿಲ್ಲ. ಜೋಗದ ಮುಂದೆ ನಿಂತು ಭೋರ್ಗರೆತವನ್ನಷ್ಟೇ ಕೇಳಿ ಮರಳಿದ ಪ್ರವಾಸಿಗರಿಗೆ ಇದು ಗೊತ್ತಿರುವ ಸಂಗತಿ. ಹಾಗಾಗಿ ಚಳಿಗಾಲದ ಮಂಜಿಗೆ ಕಾಯುವುದು ಮದ್ದು, ಮಳೆಗಾಲದ ಮಂಜಿಗೆ ಮರಳುವುದು ಮದ್ದು. ತೊಡಕಾಗುವುದು ನಡುವಿನ ದಿನಗಳಲ್ಲಿ: ನವೆಂಬರ್ ಡಿಸೆಂಬರ್‌ಗಳಲ್ಲಿ ವಾಯುಭಾರ ಕುಸಿತದಿಂದ ಅಕಾಲಿಕ ಮೋಡ ಕವಿದಾಗ, ಚಳಿಗಾಲವೆಂದು ನಂಬಿ ಹೊರಟವರಿಗೆ ಮಳೆಗಾಲದ ಮಂಜು ಎದುರಾಗುತ್ತದೆ. ಅದು ಅಡಿಕೆ ಕೊಯ್ಲಿನ ಕಾಲವೂ ಆದ್ದರಿಂದ ಊರಿನ ಅಂಗಳಗಳನ್ನು ನೋಡಿದರೆ ಸಾಕು. ಒಣಹಾಕಿದ ಅಡಿಕೆಯ ಮೇಲೆ ಬೆಳಗ್ಗೆಯೇ ತಾಡಪತ್ರಿ ಹೊದಿಸಿದ್ದರೆ, ಆ ದಿನ ಘಟ್ಟ ಇಳಿಯುವ ಯೋಚನೆಯನ್ನು ಕೈಬಿಡುವುದು ಒಳ್ಳೆಯದು.

ಮಂಜಿನಲ್ಲಿ ಕಣ್ಣು ಕೇವಲ ಕಡಿಮೆ ನೋಡುವುದಿಲ್ಲ, ತಪ್ಪಾಗಿಯೂ ನೋಡುತ್ತದೆ. ಬೆಳಕು ನೆರಳುಗಳ ವ್ಯತ್ಯಾಸ ಅಳಿಸಿಹೋಗಿ ಹತ್ತಿರದ ಮರ ದೂರದ್ದಾಗಿ ಕಾಣುತ್ತದೆ, ಇಳಿಜಾರು ಸಮತಟ್ಟಾಗಿ ತೋರುತ್ತದೆ. ಹಣೆಗೆ ಕಟ್ಟಿದ ಟಾರ್ಚಿನ ಬೆಳಕು ಹನಿಗಳಿಗೆ ಬಡಿದು ಕಣ್ಣಿಗೇ ಮರಳುವುದರಿಂದ, ಅದನ್ನು ಸೊಂಟದ ಮಟ್ಟದಲ್ಲಿ ಹಿಡಿದು ನೆಲಕ್ಕೆ ಬಿಟ್ಟರೆ ಹೆಚ್ಚು ಕಾಣುತ್ತದೆ. ದಿಕ್ಕಿನ ಅರಿವಂತೂ ಇನ್ನೂ ಬೇಗ ಕೈಕೊಡುತ್ತದೆ. ಕಾಡಿನಲ್ಲಿ ಯಾವುದೋ ಒಂದು ಬಳ್ಳಿಯನ್ನು ದಾಟಿದರೆ ದಾರಿ ತಪ್ಪಿ, ಹೊರಟಲ್ಲಿಗೇ ಬಂದು ಸೇರುತ್ತಾರೆಂಬ ನಂಬಿಕೆ ಮಲೆನಾಡಿನಲ್ಲಿದೆ. ಜರ್ಮನಿಯ ಟ್ಯೂಬಿಂಗನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನೇರವಾಗಿ ನಡೆಯಲು ಹೇಳಿ ಕಾಡಿನಲ್ಲಿ ಬಿಟ್ಟವರು ಸೂರ್ಯ ಕಾಣದ ದಿನಗಳಲ್ಲಿ ತಮಗೇ ತಿಳಿಯದಂತೆ ಸುತ್ತು ಹಾಕಿ ತಾವು ನಡೆದ ದಾರಿಯನ್ನೇ ಅಡ್ಡಹಾಯ್ದರು, ಸೂರ್ಯ ಕಂಡಾಗ ನೇರವಾಗಿಯೇ ನಡೆದರು. ಹಿರಿಯರು ಬಳ್ಳಿಯ ಮೇಲೆ ಹೊರಿಸಿದ ತಪ್ಪು ಮನುಷ್ಯನ ದೇಹದ್ದೇ ಎಂಬುದು ಇದರಿಂದ ತಿಳಿಯುತ್ತದೆ, ಆದರೆ ಅವರ ಗಮನಿಕೆ ಮಾತ್ರ ಸರಿಯಾಗಿಯೇ ಇತ್ತು.

ಕಣ್ಣು ಸೋತಾಗ ಕಿವಿಯನ್ನು ನಂಬುವುದು ಸಹಜ. ಆದರೆ ನದಿ ತುಂಬಿದಾಗ ಉಂಚಳ್ಳಿಯ ಸದ್ದು ಇಡೀ ಕಣಿವೆಯನ್ನು ತುಂಬಿ ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ. ಮಾತು ಕೇಳಿಸದಷ್ಟು ಅಬ್ಬರಿಸುವ ಈ ಜಲಪಾತಕ್ಕೆ ಕೆಪ್ಪಜೋಗ ಎಂಬ ಹೆಸರೂ ಇದೆ. ಇಂಥಲ್ಲಿ ಕೂಗಿಗಿಂತ ಸೀಟಿ ಮೇಲು, ಏಕೆಂದರೆ ನೀರಿನ ಮೊರೆತದ ನಡುವೆಯೂ ಅದರ ತೀಕ್ಷ್ಣ ಧ್ವನಿ ಬೇರೆಯಾಗಿ ಕೇಳುತ್ತದೆ. ಉಳಿದೆಡೆ ಘಟ್ಟದವರ ರೂಢಿಯೇ ಸಾಕು: ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟದಲ್ಲಿ ಚದುರಿ ಕೆಲಸ ಮಾಡುವವರು ಆಗಾಗ ಉದ್ದವಾಗಿ ‘ಕೂ’ ಹಾಕುತ್ತಾರೆ, ಕೇಳಿಸಿಕೊಂಡವರು ‘ಕೂ’ ಎಂದೇ ಮಾರುತ್ತರ ಕೊಡುತ್ತಾರೆ. ಗೆಳೆಯರ ಗುಂಪು ಕಣ್ಣಳತೆಯಲ್ಲಿ ಇರಲಾಗದಿದ್ದರೂ ಕೂಗಳತೆಯನ್ನು ಮೀರಬಾರದು. ಉತ್ತರ ಬಾರದಿದ್ದಾಗ ಮುಂದಿದ್ದವರು ನಿಂತಲ್ಲೇ ನಿಲ್ಲಬೇಕು.

ಗೆಳೆತನ ಚಾರಣಕ್ಕೆ ಬಲವೂ ಹೌದು, ಅಪಾಯವೂ ಹೌದು. ಒಬ್ಬಂಟಿಯಾಗಿದ್ದರೆ ಹೆದರಿ ಹಿಂತಿರುಗುವವನು ಗುಂಪಿನಲ್ಲಿ ಸುಮ್ಮನಿರುತ್ತಾನೆ, ಏಕೆಂದರೆ ವಾಪಸು ಹೋಗೋಣವೆಂದು ಮೊದಲು ಬಾಯಿಬಿಡುವವನಾಗಲು ಯಾರಿಗೂ ಮನಸ್ಸಿರುವುದಿಲ್ಲ. ಎಲ್ಲರೂ ಒಳಗೊಳಗೇ ಅಳುಕುತ್ತ, ಉಳಿದವರಿಗೆ ಧೈರ್ಯವಿದೆಯೆಂದು ನಂಬಿ ಮುನ್ನಡೆಯುತ್ತಾರೆ. ಇದಕ್ಕೆ ಪರಿಹಾರ ಮಾತಿನಲ್ಲೇ ಇದೆ: ಹೊರಡುವ ಮುನ್ನವೇ ಮರಳುವ ಗಂಟೆಯನ್ನು ಗೊತ್ತುಮಾಡಿ, ಯಾರೊಬ್ಬರು ಬೇಡವೆಂದರೂ ಕಾರಣ ಕೇಳದೆ ಎಲ್ಲರೂ ಹಿಂತಿರುಗುವುದೆಂದು ಒಪ್ಪಿಕೊಂಡಿರಬೇಕು. ದಾರಿ ಬಲ್ಲವರು ಮುಂದೆ, ಗಟ್ಟಿಮುಟ್ಟಾದವರು ಕೊನೆಗೆ, ನಿಧಾನವಾಗಿ ನಡೆಯುವವರು ಮುಂದಿನವರ ಬೆನ್ನಿಗೇ ಇರಬೇಕು, ಇಡೀ ಗುಂಪಿನ ವೇಗ ಅವರದ್ದಾಗಬೇಕು. ಹಳ್ಳದ ಮೇಲಿನ ಪ್ರತಿ ಕಾಲುಸಂಕದ ಬಳಿ, ತೋಟದ ಬೇಲಿಯ ಪ್ರತಿ ದಣಪೆಯ ಬಳಿ ತಲೆ ಎಣಿಸಬೇಕು. ಗುಂಪು ಚದುರುವುದು ಬಹುಪಾಲು ಸಣ್ಣ ಕಾರಣಗಳಿಂದ. ಉಂಬಳ (ಜಿಗಣೆ) ಹತ್ತಿದವನೊಬ್ಬ ಕಿತ್ತುಹಾಕಲು ಬಗ್ಗಿ ನಿಂತಿರುತ್ತಾನೆ, ಉಳಿದವರು ತಮಗೂ ಹತ್ತೀತೆಂದು ಕಾಲನ್ನೇ ನೋಡುತ್ತ ಬಿರುಸಾಗಿ ಮುಂದೆ ಹೋಗಿರುತ್ತಾರೆ. ಉಂಬಳ ಕಚ್ಚಿದ ಗಾಯದಲ್ಲಿ ರಕ್ತ ಹೆಪ್ಪುಗಟ್ಟದೆ ಸ್ವಲ್ಪ ಹೊತ್ತು ಒಸರುತ್ತದೆಯೇ ಹೊರತು ಅದರಿಂದ ಹೆಚ್ಚಿನ ಕೇಡಿಲ್ಲ. ಅದಕ್ಕೆ ಹೆದರಿ ಓಡುವುದರಲ್ಲಿ ಕೇಡಿದೆ.

ಚಳಿಯ ಬಗೆಗೂ ತಪ್ಪು ತಿಳಿವಳಿಕೆಯಿದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಸ್ಥಿತಿಯನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ, ಮತ್ತು ಅದಕ್ಕೆ ಹಿಮವೇ ಬೇಕಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ಒದ್ದೆ ಹತ್ತಿಬಟ್ಟೆ ಮೈಗಂಟಿಕೊಂಡು ಗಾಳಿಗೆ ನಿಂತವನಿಗೆ ಘಟ್ಟದ ಸಾಧಾರಣ ಚಳಿಯೇ ಸಾಕಾಗಬಹುದು. ಮೊದಲು ನಡುಕ, ಆಮೇಲೆ ಬೆರಳು ಹಿಡಿತಕ್ಕೆ ಸಿಗದಿರುವುದು, ಮಾತು ತೊದಲುವುದು, ನಡಿಗೆ ಎಡವುವುದು. ನಡುಕ ತಾನಾಗಿಯೇ ನಿಂತು ಮಂಕು ಕವಿದರೆ ಸ್ಥಿತಿ ಬಿಗಡಾಯಿಸಿದೆ ಎಂದೇ ಅರ್ಥ. ಆ ಹೊತ್ತಿಗೆ ತನಗೇನೂ ಆಗಿಲ್ಲವೆಂದು ಹೇಳುವವನು ಅವನೇ ಆದ್ದರಿಂದ, ಇದನ್ನು ಗುರುತಿಸುವ ಹೊಣೆ ಜೊತೆಯವರದ್ದು. ಅವನಿಗೆ ಒಣಬಟ್ಟೆ ತೊಡಿಸಿ, ಗಾಳಿಗೆ ಮರೆಮಾಡಿ, ಎಚ್ಚರವಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಬೇಕು. ಘಟ್ಟದ ಕೂಲಿಕಾರರು ಮತ್ತು ದನಗಾಹಿಗಳು ತಲೆಮಾರುಗಳಿಂದ ಹೊದೆಯುತ್ತ ಬಂದ ಕಂಬಳಿಕೊಪ್ಪೆಯಲ್ಲಿ ಈ ಶಾಸ್ತ್ರವೆಲ್ಲ ಅಡಗಿದೆ. ಕರಿ ಕಂಬಳಿಯ ಒಂದು ತುದಿಯನ್ನು ಮಡಚಿ ತಲೆಗೆ ಸಿಕ್ಕಿಸಿದರೆ ಉಳಿದ ಭಾಗ ಬೆನ್ನ ಮೇಲೆ ಇಳಿಬೀಳುತ್ತದೆ. ಹೊರಗಿನ ಉಣ್ಣೆ ನೆನೆದರೂ ಎಳೆಗಳ ನಡುವೆ ಸಿಕ್ಕ ಗಾಳಿ ಮೈಯ ಬಿಸಿಯನ್ನು ಹಿಡಿದಿಡುತ್ತದೆ, ಕೈಗಳೆರಡೂ ಬಿಡುವಾಗಿರುತ್ತವೆ.

ಮಳೆಗಾಲದಲ್ಲಿ ಇವೆಲ್ಲದರ ಜೊತೆ ಧರೆ ಕುಸಿತದ ಭಯವೂ ಸೇರುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಮನೆ ತೋಟಗಳನ್ನೇ ಕೊಚ್ಚಿದ ಭೂಕುಸಿತದ ನೆನಪಿರುವವರು ಅಂಥ ದಿನಗಳಲ್ಲಿ ಕಡಿದಾದ ಇಳಿಜಾರುಗಳಿಗೆ ಚಾರಣ ಹೊರಡಲಾರರು.

ಚಾರಣಕ್ಕೆ ಕಾನೂನಿನ ಕಟ್ಟಳೆಯೂ ಇದೆ. 2024ರ ಜನವರಿಯಲ್ಲಿ ರಾಜ್ಯದ ಮತ್ತೊಂದು ಚಾರಣತಾಣವಾದ ಕುಮಾರಪರ್ವತದಲ್ಲಿ ಮಿತಿಮೀರಿ ಜನ ಸೇರಿದ ಬಳಿಕ ರಾಜ್ಯ ಸರಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ಅರಣ್ಯದೊಳಗೆ ಕಾಲಿಡುವ ಮುನ್ನ ಇಲಾಖೆಯ ಅನುಮತಿ ಪಡೆಯುವುದು ಕಾಡಿನ ಹಿತಕ್ಕೂ ಅಗತ್ಯ. ಸಿದ್ದಾಪುರದ ಘಟ್ಟಪ್ರದೇಶದ ಒಂದು ಭಾಗವನ್ನು ಸಿಂಗಳೀಕಗಳ ಉಳಿವಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶಕ್ಕೆ ಸೇರಿಸಲಾಗಿತ್ತು. ಆದರೆ ಅನುಮತಿ ಪತ್ರಕ್ಕೆ ಮಂಜಿನ ಸುದ್ದಿ ಗೊತ್ತಿರುವುದಿಲ್ಲ, ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ಲೂ ಸಿಗುವುದಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಮೊಬೈಲ್ ಸಿಗ್ನಲ್ ಇಲ್ಲದೆಯೂ ಜಿಪಿಎಸ್ ಕೆಲಸ ಮಾಡುತ್ತದೆ, ದಟ್ಟ ಕಾನಿನಲ್ಲಿ ಮಾತ್ರ ಅದು ತೋರುವ ಜಾಗ ಕೆಲವೊಮ್ಮೆ ಆಚೀಚೆಯಾಗುತ್ತದೆ. ಸಿಗ್ನಲ್ ಸಿಕ್ಕ ಎತ್ತರದಿಂದ 112ಕ್ಕೆ ಕರೆ ಮಾಡಬಹುದು. ಇವೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸವೆಂದರೆ ದಾರಿಯ ಕೊನೆಯ ಮನೆಯಲ್ಲಿ ನಿಂತು, ಎಷ್ಟು ಜನ, ಯಾವ ಹಳ್ಳದ ಕಡೆಗೆ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಹೇಳಿ ಹೋಗುವುದು. ಹೊತ್ತು ಮೀರಿದಾಗ ಪೊಲೀಸರು ಬರುವುದಕ್ಕೂ ಮುಂಚೆ ಟಾರ್ಚು ಹಿಡಿದು ಹುಡುಕಲು ಹೊರಡುವವರು ಆ ಮನೆಯವರು, ಮತ್ತು ಆ ಕಾನಿನ ಪ್ರತಿ ಹಳ್ಳ, ಪ್ರತಿ ಬೇಣ, ಪ್ರತಿ ಅರೆಯ ಹೆಸರು ಗೊತ್ತಿರುವವರೂ ಅವರೇ.