ಹಲಸಿನ ಬೀಜ ಒಣಗಿಸಿಟ್ಟರೆ ಮೊಳಕೆ ಬರಲ್ಲ! ಮನೆಯಲ್ಲೇ ಬೀಜದಿಂದ ಮರ ಬೆಳೆಸುವುದು ಹೇಗೆ?

ಏಪ್ರಿಲ್, ಮೇ ತಿಂಗಳಲ್ಲಿ ತಿಂದ ಹಲಸು, ಮಾವಿನ ಬೀಜಗಳನ್ನು ತೊಳೆದು ಬಿಸಿಲಲ್ಲಿ ಒಣಗಿಸಿ ಡಬ್ಬಿಗೆ ಹಾಕಿಡುವವರು ಅನೇಕರಿದ್ದಾರೆ. ಜೂನ್ 5ರ ವಿಶ್ವ ಪರಿಸರ ದಿನಕ್ಕೋ, ಜುಲೈ ಮೊದಲ ವಾರದ ವನಮಹೋತ್ಸವಕ್ಕೋ ಬಿತ್ತೋಣ ಎಂಬುದು ಲೆಕ್ಕಾಚಾರ. ಆದರೆ ಬಿತ್ತಿ ತಿಂಗಳಾದರೂ ಒಂದೂ ಮೊಳಕೆ ಬರುವುದಿಲ್ಲ. 'ನಮ್ಮ ಕೈಗುಣವೇ ಸರಿ ಇಲ್ಲ' ಎಂದು ಸುಮ್ಮನಾಗುತ್ತಾರೆ.

ತಪ್ಪು ಕೈಗುಣದ್ದಲ್ಲ. ಬಿತ್ತುವ ಹೊತ್ತಿಗೇ ಆ ಬೀಜಗಳು ಸತ್ತಿರುತ್ತವೆ.

ಬೀಜಗಳಲ್ಲಿ ಎರಡು ಜಾತಿ

ಭತ್ತ, ರಾಗಿ, ಹುರುಳಿ ಬೀಜಗಳನ್ನು ಚೆನ್ನಾಗಿ ಒಣಗಿಸಿದಷ್ಟೂ ಬಾಳಿಕೆ ಹೆಚ್ಚು. ಹುಣಸೆ, ಕಕ್ಕೆ, ಗುಲ್‌ಮೊಹರ್ ಮರಗಳ ಬೀಜಗಳೂ ಇದೇ ಗುಂಪಿನವು. ಒಣಗಿದ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ.

ಹಲಸು, ಮಾವು, ನೇರಳೆಯದ್ದು ಬೇರೆಯೇ ಗುಂಪು. ವಿಜ್ಞಾನಿಗಳು ಇವನ್ನು 'ರಿಕ್ಯಾಲ್ಸಿಟ್ರೆಂಟ್' ಬೀಜಗಳು ಎನ್ನುತ್ತಾರೆ. ಮಳೆಗಾಲ ಶುರುವಾಗುವ ಹೊತ್ತಿಗೆ ಉದುರಿ, ಒದ್ದೆ ನೆಲದಲ್ಲಿ ಕೂಡಲೇ ಮೊಳೆಯುವುದು ಇವುಗಳ ಸ್ವಭಾವ. ಒಳಗಿನ ತೇವ ಆರಿದರೆ ಬೀಜದ ಜೀವವೇ ಹೋಗುತ್ತದೆ. ಫ್ರಿಜ್‌ನಲ್ಲಿಟ್ಟರೂ ಉಳಿಯುವುದು ಕಷ್ಟ. ಬೇವಿನ ಬೀಜವೂ ಹೆಚ್ಚು ದಿನ ಕಾಯುವುದಿಲ್ಲ, ಹಣ್ಣು ಉದುರಿದ ಒಂದೆರಡು ವಾರದಲ್ಲೇ ಬಿತ್ತಬೇಕು.

ಆದ್ದರಿಂದ ಬಿತ್ತುವ ದಿನ ನಿರ್ಧಾರವಾಗಬೇಕಿರುವುದು ಕ್ಯಾಲೆಂಡರ್ ನೋಡಿ ಅಲ್ಲ, ಹಣ್ಣು ತಿಂದ ದಿನ ನೋಡಿ.

ಯಾವ ಬೀಜವನ್ನು ಹೇಗೆ ಬಿತ್ತಬೇಕು?

ಹಲಸು: ಬೀಜದ ಮೇಲಿನ ಜಾರುವ ಪೊರೆ ಹೋಗುವಂತೆ ತೊಳೆದು, ಅಂದೇ ಅಥವಾ ಮರುದಿನ ಬಿತ್ತಿ. ಅಡ್ಡಲಾಗಿ ಮಲಗಿಸಿ ಸುಮಾರು ಒಂದು ಇಂಚು ಮಣ್ಣು ಮುಚ್ಚಿದರೆ ಸಾಕು. ಮೊಳಕೆ ಬರಲು ಮೂರು ವಾರದಿಂದ ಎರಡು ತಿಂಗಳವರೆಗೆ ಬೇಕಾಗಬಹುದು.

ಮಾವು: ಗೊರಟೆಯ ನಾರು ಹೋಗುವಂತೆ ತೊಳೆದು ಒಂದು ದಿನ ನೆರಳಲ್ಲಿಡಿ. ಅಂಚನ್ನು ಜೋಪಾನವಾಗಿ ಬಿಡಿಸಿ, ಒಳಗಿನ ಬೀಜವನ್ನು ಗಾಯವಾಗದಂತೆ ತೆಗೆಯಿರಿ. ಉಬ್ಬಿದ ಬದಿ ಮೇಲೆ ಬರುವಂತೆ ಬಿತ್ತಿದರೆ ಎರಡು ಮೂರು ವಾರದಲ್ಲಿ ಕೆಂಪು ಚಿಗುರು ಕಾಣುತ್ತದೆ.

ನೇರಳೆ: ತಿಂದ ಬೀಜವನ್ನು ತೊಳೆದು ವಾರದೊಳಗೆ ಬಿತ್ತಿ. ಒಂದೇ ಬೀಜದಿಂದ ಎರಡು ಮೂರು ಸಸಿ ಬಂದರೆ ಅಚ್ಚರಿ ಬೇಡ, ನೇರಳೆಯಲ್ಲಿ ಅದು ಸಹಜ. ಗಟ್ಟಿಮುಟ್ಟಾದ ಒಂದನ್ನು ಉಳಿಸಿಕೊಳ್ಳಿ.

ಕಕ್ಕೆ, ಗುಲ್‌ಮೊಹರ್, ಹುಣಸೆ: ಇವುಗಳ ಸಿಪ್ಪೆ ಬಲು ಗಟ್ಟಿ, ನೀರು ಒಳಗೆ ಇಳಿಯುವುದಿಲ್ಲ. ಕುದಿಸಿದ ನೀರನ್ನು ಒಲೆಯಿಂದ ಇಳಿಸಿ, ಅದಕ್ಕೆ ಕಕ್ಕೆ ಅಥವಾ ಗುಲ್‌ಮೊಹರ್ ಬೀಜ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಊದಿಕೊಂಡಿರುವುದನ್ನು ಬಿತ್ತಿ. ಊದದಿದ್ದರೆ ಬೀಜದ ಒಂದು ಬದಿಯನ್ನು ಸ್ಯಾಂಡ್‌ಪೇಪರ್‌ನಲ್ಲಿ ತುಸು ಉಜ್ಜಿ ಮತ್ತೆ ನೆನೆಸಿ. ಹುಣಸೆ ಬೀಜಕ್ಕೆ ತಣ್ಣೀರಿನಲ್ಲಿ ಒಂದು ದಿನ ನೆನೆಸಿದರೂ ನಡೆಯುತ್ತದೆ. ಹಲಸು, ಮಾವಿಗೆ ಮಾತ್ರ ಈ ಬಿಸಿನೀರಿನ ಪ್ರಯೋಗ ಬೇಡವೇ ಬೇಡ.

ಕುಂಡಕ್ಕಿಂತ ಹಾಲಿನ ಪ್ಯಾಕೆಟ್ ಲೇಸು

ಮರದ ಸಸಿ ಎಲೆ ಬಿಡುವ ಮೊದಲೇ ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ. ಅಗಲವಾದ, ಆಳವಿಲ್ಲದ ಕುಂಡದಲ್ಲಿ ಬೇರು ತಳಕ್ಕೆ ತಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಅಂಥ ಸಸಿಯನ್ನು ಮುಂದೆ ನೆಲದಲ್ಲಿ ನೆಟ್ಟರೂ ಮರ ಗಟ್ಟಿಯಾಗಿ ನಿಲ್ಲುವುದಿಲ್ಲ. ಒಂದು ಲೀಟರ್ ಹಾಲಿನ ಪ್ಯಾಕೆಟ್‌ನ ತಳಕ್ಕೆ ನಾಲ್ಕಾರು ತೂತು ಮಾಡಿ ಬಳಸಿದರೆ ಖರ್ಚಿಲ್ಲದೆ ಬೇಕಾದಷ್ಟು ಆಳ ಸಿಗುತ್ತದೆ.

ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎರೆಗೊಬ್ಬರ ಬೆರೆಸಿದರೆ ಸಾಕು. ಮಣ್ಣು ಸಿಗದ ಅಪಾರ್ಟ್‌ಮೆಂಟ್‌ನವರು ಕೋಕೋಪೀಟ್ ಮತ್ತು ಎರೆಗೊಬ್ಬರವನ್ನು ಸಮವಾಗಿ ಬೆರೆಸಬಹುದು. ಎಳೆ ಸಸಿಗಳು ಸಾಯುವುದು ಹೆಚ್ಚಾಗಿ ನೀರು ಅತಿಯಾಗಿ, ಬುಡ ಕೊಳೆತು. ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಿ. ಅಳಿಲು, ಇಲಿ ಬರುವ ಕಡೆ ಮೇಲೊಂದು ಜಾಲರಿ ಮುಚ್ಚುವುದು ಒಳ್ಳೆಯದು.

ತಾಯಿಮರವೇ ಮುಖ್ಯ

ಉತ್ತರ ಕನ್ನಡದ ಹೊನ್ನಳ್ಳಿಯ ತುಳಸಿ ಗೌಡ ಅವರು ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಬಂದು 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದ್ದು ಬಹಳ ಜನರಿಗೆ ನೆನಪಿರಬಹುದು. 2024ರ ಡಿಸೆಂಬರ್‌ನಲ್ಲಿ ನಿಧನರಾದ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದವರು. ಅಕ್ಷರ ಕಲಿಯದ ಅವರ ದೊಡ್ಡ ವಿದ್ಯೆಯೆಂದರೆ ಕಾಡಿನಲ್ಲಿ ತಾಯಿಮರವನ್ನು ಗುರುತಿಸಿ, ಸರಿಯಾದ ಸಮಯಕ್ಕೆ ಬೀಜ ಆರಿಸುವುದು. ಮನೆಯಲ್ಲಿ ಬಿತ್ತುವವರಿಗೂ ಅದೇ ಸೂತ್ರ: ಆರೋಗ್ಯವಾಗಿರುವ, ಒಳ್ಳೆಯ ಫಸಲು ಕೊಡುವ ಮರದ ಪೂರ್ತಿ ಮಾಗಿದ ಹಣ್ಣಿನ ಬೀಜವನ್ನೇ ಆರಿಸಿ.

ಆದರೂ ಆಪೂಸ್ ಬೀಜ ಹಾಕಿದರೆ ಆಪೂಸ್ ಹಣ್ಣೇ ಸಿಗುತ್ತದೆ ಎಂದುಕೊಳ್ಳಬೇಡಿ. ಬೀಜದ ಗಿಡಕ್ಕೆ ತಂದೆ ಮರದ ಗುಣವೂ ಬರುತ್ತದೆ, ಫಲ ಬಿಡಲು ಆರೇಳು ವರ್ಷ ಅಥವಾ ಇನ್ನೂ ಹೆಚ್ಚು ಕಾಯಬೇಕು. ಅದೇ ರುಚಿಯ ಹಣ್ಣು ಬೇಕೆಂದರೆ ಕಸಿ ಗಿಡವೇ ಸರಿ. ನೆರಳು, ಹಕ್ಕಿ, ಆಳವಾಗಿ ಬೇರೂರಿದ ಮರ ಬೇಕೆಂದರೆ ಬೀಜದ ಗಿಡ ಒಳ್ಳೆಯದು.

ನೆಡುವುದು ಯಾವಾಗ, ಎಲ್ಲಿ?

ಮುಂಬೈ, ಪುಣೆ, ಹೈದರಾಬಾದ್‌ನಲ್ಲಿರುವವರು ಈ ಬೇಸಿಗೆಯ ಸಸಿಯನ್ನು ವರ್ಷವಿಡೀ ಸಾಕಿ, ಮುಂದಿನ ಜೂನ್‌ನಲ್ಲಿ ನೆಡುವುದು ಸೂಕ್ತ. ಚೆನ್ನೈನವರಿಗೆ ಹಿಂಗಾರು ಮಳೆ ಅನುಕೂಲ, ಅಕ್ಟೋಬರ್‌ನಲ್ಲೇ ನೆಡಬಹುದು. ದೆಹಲಿಯಲ್ಲಿ ಡಿಸೆಂಬರ್, ಜನವರಿಯ ಚಳಿಗೆ ಎಳೆ ಮಾವು, ಹಲಸು ಕರಟುತ್ತವೆ. ಮೊದಲ ಚಳಿಗಾಲ ಒಳಗಿಟ್ಟು ಕಾಪಾಡಬೇಕು. ನೆಡುವ ಎರಡು ವಾರ ಮೊದಲಿನಿಂದ ದಿನಕ್ಕಿಷ್ಟು ಹೊತ್ತು ಬಿಸಿಲಿಗಿಟ್ಟು ಸಸಿಯನ್ನು ಗಟ್ಟಿ ಮಾಡಿ.

ಜಾಗದ ವಿಚಾರದಲ್ಲಿ ಅವಸರ ಬೇಡ. ಗೋಡೆ, ನೀರಿನ ಪೈಪ್, ವಿದ್ಯುತ್ ತಂತಿಯಿಂದ ದೂರವಿರಲಿ. ಸೊಸೈಟಿ ಜಾಗವಾದರೆ ಸಮಿತಿಯ, ರಸ್ತೆ ಬದಿಯಾದರೆ ಪಾಲಿಕೆಯ ಒಪ್ಪಿಗೆ ಪಡೆಯಿರಿ. ಕರ್ನಾಟಕದಲ್ಲಿ 1976ರ, ಮಹಾರಾಷ್ಟ್ರದ ನಗರಗಳಲ್ಲಿ 1975ರ, ದೆಹಲಿಯಲ್ಲಿ 1994ರ ಮರ ಸಂರಕ್ಷಣಾ ಕಾಯ್ದೆ ಇದೆ. ಬೆಳೆದ ಮರವನ್ನು ಅನುಮತಿಯಿಲ್ಲದೆ ಕಡಿಯುವುದು ಸಾಮಾನ್ಯವಾಗಿ ಅಪರಾಧ. ತಪ್ಪು ಜಾಗದಲ್ಲಿ ನೆಟ್ಟರೆ ಮುಂದೆ ಮರಕ್ಕೂ ಕಷ್ಟ, ಮನೆಯವರಿಗೂ ಕಷ್ಟ.

ಊರಿಂದ ಹಲಸಿನ ಹಣ್ಣು ಬಂದಾಗ ಎಲ್ಲಾ ಬೀಜವನ್ನೂ ಸಾರಿಗೆ ಹಾಕಬೇಡಿ. ನಾಲ್ಕನ್ನು ತೆಗೆದಿಟ್ಟು ಅಂದೇ ಸಂಜೆ ಮಣ್ಣಿಗೆ ಸೇರಿಸಿ. ಎರಡು ಮೊಳೆತರೂ ಸಾಕು.