ಮಂಜು ಎಂಬ ಶಬ್ದವೂ ಹವಾಮಾನದ ಮುನ್ಸೂಚನೆಯೂ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಹಿಮವು ಬೀಳುವುದಿಲ್ಲ. ಆದರೂ ಹೇಮಂತ ಶಿಶಿರಗಳ ಪ್ರಾತಃಕಾಲದಲ್ಲಿ ಅಲ್ಲಿಯ ದಾರಿಗಳು ಕಣ್ಣಿಗೆ ತೋರದಂತಾಗುವುದುಂಟು. ಜನರು ಇದನ್ನು ಮಂಜೆನ್ನುವರು. ಹುಲ್ಲಿನ ಮೇಲಣ ಹನಿಯನ್ನೂ ಮಂಜೆನ್ನುವರು. ಹಿಮಾಲಯದ ಬಿಳಿಯ ರಾಶಿಯನ್ನೂ ಮಂಜೆಂದೇ ಕರೆಯುವರು. ಆದುದರಿಂದ ‘ನಾಳೆ ಮಂಜು’ ಎಂಬ ಮುನ್ಸೂಚನೆಯು ನಿಜವಾಯಿತೋ ಸುಳ್ಳಾಯಿತೋ ಎಂಬುದನ್ನು ತಿಳಿಯುವ ಮೊದಲು ಆ ಶಬ್ದದ ಅರ್ಥವು ವಿಚಾರಣೀಯವಾಗಿದೆ.

ಈ ಸಾಂಕರ್ಯವು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಅಮರಸಿಂಹನು ಅವಶ್ಯಾಯ, ನೀಹಾರ, ತುಷಾರ, ತುಹಿನ, ಹಿಮ, ಪ್ರಾಲೇಯಗಳನ್ನು ಪರ್ಯಾಯಪದಗಳಾಗಿಯೇ ಹೇಳಿರುವನು. ತಮಿಳಿನ ಪನಿ, ಮಲಯಾಳದ ಮಞ್ಞು ಎಂಬ ಶಬ್ದಗಳೂ ಇಬ್ಬನಿ ಮೊದಲುಗೊಂಡು ಹಿಮದವರೆಗೆ ಸಲ್ಲುವುವು. ಕಾವ್ಯದಲ್ಲಿ ಇದರಿಂದ ಬಾಧೆಯಿಲ್ಲ. ಪ್ರಕರಣವೇ ಅರ್ಥವನ್ನು ನಿಯಮಿಸುವುದು. ಶಾಸ್ತ್ರದಲ್ಲಿಯಾದರೋ ಬಾಧೆಯುಂಟು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಗರ್ಭಲಕ್ಷಣಾಧ್ಯಾಯದಲ್ಲಿ, ಪುಷ್ಯಮಾಸದ ಅತಿಹಿಮಪಾತವು ಮೇಘಗರ್ಭಕ್ಕೆ ಹಿತವಲ್ಲವೆಂದೂ, ಮಾಘದಲ್ಲಿ ತುಷಾರದಿಂದ ಸೂರ್ಯಚಂದ್ರರ ಕಾಂತಿ ಮಸುಳುವುದು ಶುಭವೆಂದೂ, ಗರ್ಭವು 195 ದಿನಗಳ ತರುವಾಯ ಮಳೆಯಾಗಿ ಪ್ರಸವಿಸುವುದೆಂದೂ ಹೇಳಿರುವನು. ಇಲ್ಲಿ ಹಿಮವೆಂದರೆ ಹೆಪ್ಪುಗಟ್ಟಿದ ನೀರೇ ಎಂದು ಹಿಡಿದರೆ ಆ ಲಕ್ಷಣವು ನಮ್ಮ ಸೀಮೆಯಲ್ಲಿ ಎಂದಿಗೂ ಪರೀಕ್ಷೆಗೆ ಸಿಕ್ಕದು. ತುಷಾರವೆಂದರೆ ಹುಲ್ಲಿನ ಹನಿಯೆಂದರೆ ಅದು ಸೂರ್ಯನನ್ನು ಹೇಗೆ ಮಸುಳಿಸೀತು? ಅರ್ಥವು ನಿಲ್ಲದಿದ್ದಲ್ಲಿ ಪರೀಕ್ಷೆಯೂ ನಿಲ್ಲದು.

ಈಗ ವಸ್ತುವನ್ನು ನೋಡೋಣ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುವುದು. ಅದನ್ನು ಸೋಂಕಿದ ತೇವದ ಗಾಳಿಯೂ ತಣಿದು, ಅದರಲ್ಲಿಯ ಆವಿಯು ಸೂಕ್ಷ್ಮಬಿಂದುಗಳಾಗಿ ತೇಲುವುದು. ಲಕ್ಷ್ಮಣತೀರ್ಥ, ಕಾವೇರಿ, ಕಪಿಲೆಗಳ ಬಯಲುಗಳಲ್ಲಿಯೂ ಕೆರೆಕಾಲುವೆಗಳ ತಗ್ಗುಗಳಲ್ಲಿಯೂ ಇದಕ್ಕೆ ಹೆಚ್ಚಿನ ಅನುಕೂಲವುಂಟು. ಬಿಸಿಲೇರಿದಂತೆ ಅದು ಕರಗುವುದು.

1875ರಲ್ಲಿ ಸ್ಥಾಪಿತವಾದ ಭಾರತದ ಹವಾಮಾನ ಇಲಾಖೆಯು ಮಂಜನ್ನು ದೃಷ್ಟಿದೂರದಿಂದ ಅಳೆಯುವುದು. 1000 ಮೀಟರಿಗಿಂತ ಕಡಮೆ ಕಂಡರೆ ಮಂಜು. 200 ಮೀಟರಿಗಿಂತ ಕಡಮೆಯಾದರೆ ದಟ್ಟಮಂಜು. 50 ಮೀಟರಿಗೂ ಕಡಮೆಯಾದರೆ ಅತಿದಟ್ಟಮಂಜು. ಈ ಭೇದವು ಪಂಡಿತರ ಕಸರತ್ತಲ್ಲ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನವು ಸೆಕೆಂಡಿಗೆ ಸುಮಾರು 17 ಮೀಟರು ಸಾಗುವುದು. 50 ಮೀಟರುಗಳು ಮೂರು ಸೆಕೆಂಡುಗಳಲ್ಲಿ ಮುಗಿಯುವುವು. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ದೀಪವಿಲ್ಲದ ಎತ್ತಿನ ಗಾಡಿ ಎದುರಾದರೆ, ಇಲ್ಲವೆ ಹಳ್ಳಿಯ ದಾರಿಯಲ್ಲಿ ಒಕ್ಕಣೆಗೆ ಹರಡಿದ ರಾಗಿಯ ಹುಲ್ಲು ಚಕ್ರಕ್ಕೆ ಸಿಕ್ಕರೆ, ಆ ಮೂರು ಸೆಕೆಂಡುಗಳಲ್ಲಿಯೇ ಪ್ರಾಣದ ಪ್ರಶ್ನೆ ನಿರ್ಣಯವಾಗುವುದು.

ಹಾಗಾದರೆ ಮುನ್ಸೂಚನೆಯು ಎಷ್ಟರಮಟ್ಟಿಗೆ ನಂಬತಕ್ಕುದು? ಅದು ಗಾಳಿ, ತೇವ, ಮೋಡಗಳನ್ನು ನೋಡಿ ಜಿಲ್ಲೆಗೆ ಹೇಳಿದ ಸಂಭವವೇ ಹೊರತು ಇಂತಹ ಕೆರೆಯ ಏರಿಗೆ ಹೇಳಿದ ನಿಶ್ಚಯವಲ್ಲ. ತಗ್ಗಿನಲ್ಲಿ ಕೈಗೆ ಕೈ ಕಾಣದಿರುವಾಗ ಪಕ್ಕದ ದಿಣ್ಣೆಯ ಮೇಲೆ ಬಿಸಿಲಿರಬಹುದು. ದಿಣ್ಣೆಯವನು ಅದನ್ನು ಸುಳ್ಳೆನ್ನುವನು, ತಗ್ಗಿನವನು ನಿಜವೆನ್ನುವನು. ಇಲ್ಲಿ ವ್ಯತ್ಯಾಸವು ದೇಶದ್ದು, ದೋಷವು ಮುನ್ಸೂಚನೆಯದಲ್ಲ.

ಆದಕಾರಣ ಉಪಾಧ್ಯಾಯರು ಪಾಠದಲ್ಲಿಯೂ ಪತ್ರಿಕೆಗಳವರು ವರದಿಯಲ್ಲಿಯೂ ಹನಿಗೆ ಇಬ್ಬನಿಯೆಂದು, ದೃಷ್ಟಿಯನ್ನು ತಡೆಯುವುದಕ್ಕೆ ಮಂಜೆಂದು, ಹೆಪ್ಪುಗಟ್ಟಿ ಬೀಳುವುದಕ್ಕೆ ಹಿಮವೆಂದು ವ್ಯವಸ್ಥೆಮಾಡಿಕೊಳ್ಳುವುದು ಯುಕ್ತ. ಮಂಜೆಂದು ಹೇಳುವಲ್ಲಿ ಎಷ್ಟು ದೂರ ಕಾಣುವುದೆಂಬುದನ್ನೂ ಕೂಡಿಸಿ ಹೇಳತಕ್ಕದ್ದು. ದಾರಿಗನಿಗೆ ಬೇಕಾದ ಅರ್ಥವು ಅದೇ.