ತಂಡ ಹೋಯಿತು, ಹೆಸರು ಉಳಿಯಿತು

ಉದ್ಯಮವೊಂದನ್ನು ಬೇರೆ ಊರಿಗೆ ಸ್ಥಳಾಂತರಿಸುವಾಗ ಯಂತ್ರಗಳನ್ನೂ ನೌಕರರನ್ನೂ ಒಯ್ಯಬಹುದು. ಆದರೆ ಮೊದಲಿನ ಊರು ಗಳಿಸಿಕೊಟ್ಟ ಹೆಸರು ಯಾರದು? ಅಮೆರಿಕದ ಫುಟ್‌ಬಾಲ್ ತಂಡವೊಂದರ ಒಡೆಯರಾಗಿದ್ದ ಆರ್ಟ್ ಮೊಡೆಲ್ ಅವರ ಪ್ರಕರಣವು ಈ ದೃಷ್ಟಿಯಿಂದ ಗಮನಾರ್ಹವಾಗಿದೆ.

ಮೊಡೆಲ್ 1961ರಲ್ಲಿ ಸುಮಾರು 40 ಲಕ್ಷ ಡಾಲರಿಗೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವನ್ನು ಖರೀದಿಸಿದರು. ಲೀಗಿನ ಆದಾಯವನ್ನು ಹೆಚ್ಚಿಸಿದ ದೂರದರ್ಶನ ಒಪ್ಪಂದಗಳಲ್ಲಿ ಅವರ ಪಾತ್ರ ಹಿರಿದು. ನಗರದ ಹಳೆಯ ಕ್ರೀಡಾಂಗಣದ ನಿರ್ವಹಣೆಯೂ ಅವರ ಸಂಸ್ಥೆಯದೇ ಆಗಿತ್ತು. 1994ರಲ್ಲಿ ಅಲ್ಲಿನ ಬೇಸ್‌ಬಾಲ್ ತಂಡವು ಹೊಸ ಕ್ರೀಡಾಂಗಣಕ್ಕೆ ತೆರಳಿದಾಗ ವರಮಾನ ಕುಗ್ಗಿತು. ಸಾಲದ ಹೊರೆ ಭಾರವಾಯಿತು.

1995ರ ನವೆಂಬರ್ 6ರಂದು ಅವರು ತಂಡವನ್ನು ಬಾಲ್ಟಿಮೋರಿಗೆ ಒಯ್ಯುವುದಾಗಿ ಘೋಷಿಸಿದರು. ಮರುದಿನವೇ ಕ್ಲೀವ್‌ಲ್ಯಾಂಡಿನ ಮತದಾರರು ಕ್ರೀಡಾಂಗಣದ ನವೀಕರಣಕ್ಕಾಗಿ ಮದ್ಯ ಮತ್ತು ತಂಬಾಕಿನ ಮೇಲಿನ ತೆರಿಗೆಯ ಮುಂದುವರಿಕೆಗೆ ಸಮ್ಮತಿಸಿದರು. ನಗರಾಡಳಿತವು ನ್ಯಾಯಾಲಯದ ಮೊರೆಹೊಕ್ಕಿತು. 1996ರ ಫೆಬ್ರವರಿಯ ರಾಜಿಯಂತೆ ಆಟಗಾರರು ಮೊಡೆಲ್ ಅವರೊಂದಿಗೆ ತೆರಳಿದರು. ಹೆಸರು, ಬಣ್ಣ, ದಾಖಲೆಗಳು ಕ್ಲೀವ್‌ಲ್ಯಾಂಡಿನಲ್ಲೇ ಉಳಿದವು. 1999ರಲ್ಲಿ ಬ್ರೌನ್ಸ್ ಹೊಸ ಒಡೆತನದಲ್ಲಿ ಮರಳಿ ಆಟಕ್ಕಿಳಿಯಿತು.

1984ರಲ್ಲಿ ತನ್ನ ತಂಡವನ್ನು ಇದೇ ರೀತಿ ಕಳೆದುಕೊಂಡಿದ್ದ ಬಾಲ್ಟಿಮೋರಿಗೆ ಮೊಡೆಲ್ ಉಪಕಾರಿಯಾದರು. ಅವರ ರೇವನ್ಸ್ ತಂಡ 2001ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. 2012ರಲ್ಲಿ ಅವರು ನಿಧನರಾದಾಗ ಲೀಗಿನ ಇತರ ಮೈದಾನಗಳಲ್ಲಿ ಮೌನಾಚರಣೆ ನಡೆಯಿತು. ಕ್ಲೀವ್‌ಲ್ಯಾಂಡಿನಲ್ಲಿ ಮಾತ್ರ, ಕುಟುಂಬದವರ ಕೋರಿಕೆಯಂತೆ, ನಡೆಯಲಿಲ್ಲ.

ಒಡೆತನದ ಹಕ್ಕು ಪತ್ರದಲ್ಲಿರುತ್ತದೆ. ಗ್ರಾಹಕರ ವಿಶ್ವಾಸ ಪತ್ರದಲ್ಲಿರುವುದಿಲ್ಲ. ಸ್ಥಳಾಂತರದ ಲಾಭನಷ್ಟವನ್ನು ಲೆಕ್ಕಹಾಕುವ ಉದ್ಯಮಿಗಳು ಈ ಎರಡನ್ನೂ ತೂಗಿ ನೋಡುವುದು ಲೇಸು.